ಸಂಗೀತ ಶಾಸ್ತ್ರ ಕಲಿಯದೆ ಹಾಡಿಗೆ ರಾಗ ಹಾಕಬಹುದಾ?

ಖಂಡಿತ ಹಾಕಬಹುದು. ನಮ್ಮ ಕಲಬುರಗಿ ಕಡೆಯ ಭಜನಾ ಮೇಳಗಳನ್ನೇ ಕೇಳಿ. ಏಕತಾರಿ, ದಮ್ಮಡಿ, ತಾಳ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಹಾಡುವವರಲ್ಲಿ ಎಷ್ಟೋ ಜನ ಶಾಸ್ತ್ರ ಓದಿದವರಲ್ಲ. ಒಂದೇ ಪದದ ಧಾಟಿ ಊರಿಂದ ಊರಿಗೆ ಬದಲಾಗುತ್ತದೆ. ಆ ಧಾಟಿ ಕಟ್ಟುವುದೂ ಸಂಯೋಜನೆಯೇ ಅಲ್ವಾ? ಇಂಗ್ಲೆಂಡಿನ ಬೀಟಲ್ಸ್ ಸಂಗೀತ ತಂಡದ ಪಾಲ್ ಮೆಕಾರ್ಟ್ನಿ ಕೂಡ ನೊಟೇಶನ್ (ಬರೆದಿಟ್ಟ ಸ್ವರಲಿಪಿ) ಓದಲು ಬಾರದೆಯೇ ಹಾಡು ಕಟ್ಟಿದವರು.

ಹಾಗಂತ ಇವರು ಏನೂ ಕಲಿತಿಲ್ಲ ಅಂತಲ್ಲ. ಹಿರಿಯರ ಪಕ್ಕ ಕೂತು, ಹಾಡಿ ಹಾಡಿ, ಕಿವಿಯಿಂದಲೇ ಕಲಿತಿದ್ದಾರೆ. ಈ ಕಲಿಕೆ ಮಾತ್ರ ಯಾರಿಗೂ ತಪ್ಪಿದ್ದಲ್ಲ.

ಆದರೆ ಶಾಸ್ತ್ರದಿಂದ ದಾರಿ ಬೇಗ ಸಿಗುತ್ತದೆ. ಹಾರ್ಮೋನಿಯಂ ಮೇಲೆ ಸ ರಿ ಗ ಪ ದ ನುಡಿಸಿ. ಇವು ಭೂಪಾಲಿ ರಾಗದ ಸ್ವರಗಳು. ಈಗ ಗ ಒಂದನ್ನೇ ಕೋಮಲ ಮಾಡಿ, ಅಂದರೆ ಅರ್ಧ ಸ್ವರ ತಗ್ಗಿಸಿ. ಶಿವರಂಜನಿ ರಾಗದ ಸ್ವರಗಳಾದವು, ಹಾಡಿನಲ್ಲಿ ದುಃಖ ತುಂಬಿಕೊಳ್ಳುತ್ತದೆ! ಇದು ಗೊತ್ತಿದ್ದರೆ ಬೇಕಾದ ಭಾವವನ್ನು ಗಂಟೆಗಟ್ಟಲೆ ಹುಡುಕಬೇಕಿಲ್ಲ. ತಬಲಾದವರಿಗೂ ‘6 ಮಾತ್ರೆಯ (ಎಣಿಕೆಯ) ದಾದ್ರಾ’ ಅಂತ ತಾಳದ ಹೆಸರು ಹೇಳಿದರೆ ಸಾಕು.

ನೀವು ಒಬ್ಬರೇ ಹಾಡುವುದಾದರೆ ಇವತ್ತೇ ಶುರು ಮಾಡಿ, ಹೊಳೆದ ಧಾಟಿಯನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಾಲ್ಕಾರು ವಾದ್ಯದವರನ್ನು ಕೂಡಿಸಿ ನುಡಿಸುವ ಆಸೆ ಇದ್ದರೆ ಮಾತ್ರ ಸ್ವರ, ತಾಳ, ಶ್ರುತಿಯ ಲೆಕ್ಕವನ್ನು ಗುರುಗಳ ಹತ್ತಿರ ಜೊತೆಜೊತೆಗೇ ಕಲಿಯಿರಿ.