ಸುಲಭ ಕಾರ್ಡ್ ಹಿಡಿದರೆ ಹಾಡಿಗೆ ಮೋಸವಾ?

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಭಾನುವಾರ ಕೀಬೋರ್ಡ್ ನುಡಿಸುವವಳು ನಾನು. ಸಿ, ಎಫ್, ಜಿ, ಎ ಮೈನರ್ ಬಿಟ್ಟರೆ ಬೇರೆ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಸಲೀಸಾಗಿ ಬರುವುದಿಲ್ಲ. ಹಾಡಿನ ಹಾಳೆಯಲ್ಲಿ ಸಿ ಮೇಜರ್ ಸೆವೆನ್, ಜಿ ಸ್ಲ್ಯಾಶ್ ಬಿ ಅಂತೆಲ್ಲ ಇರುತ್ತದೆ. ಸುಲಭ ಮಾಡಿಕೊಂಡು ನುಡಿಸುತ್ತೇನೆ. ಗ್ರೇಡ್ ಪರೀಕ್ಷೆ ಪಾಸಾದ ನಮ್ಮಣ್ಣ ‘ಇದು ಪಿಯಾನೋನೇ ಅಲ್ಲ’ ಅನ್ನುತ್ತಾನೆ. ಸಿನಿಮಾ ಹಾಡಿಗಂತೂ ಕೈಯೇ ಓಡುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮಣ್ಣನನ್ನು ಒಂದು ಮಾತು ಕೇಳಿ ತಾಯಿ: ಮೃದಂಗದವರು ಕಲಿತದ್ದನ್ನೆಲ್ಲ ಒಂದೇ ಕೀರ್ತನೆಗೆ ಸುರಿಯುತ್ತಾರಾ? ಚರ್ಚಿನಲ್ಲಿ ಹಾಡುವವರು ಜನ. ನಿಮ್ಮದು ಪಕ್ಕವಾದ್ಯ. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಡಿಪ್ಲೊಮಾ ಪಡೆದವರು, ಅವರ ಮಾತು ಬೇರೆ. ನಮಗೆ ಶನಿವಾರ ಸಂಜೆ ಐದು ಹಾಡು ಕೈಗಿಟ್ಟು, ಬೆಳಿಗ್ಗೆ ಏಳಕ್ಕೆ ನುಡಿಸಿ ಅನ್ನುತ್ತಾರೆ, ಅಲ್ವಾ?

ಸಿ ಮೇಜರ್ ಸೆವೆನ್ ಇದ್ದ ಕಡೆ ಸಿ ಸಾಕು, ಜಿ ಸೆವೆನ್‌ಗೆ ಜಿ ಸಾಕು. ಮೈನರನ್ನು ಮಾತ್ರ ಮೇಜರ್ ಮಾಡಬೇಡಿ. ಹಾಡುವವರ ಮುಖವೇ ಹೇಳಿಬಿಡುತ್ತದೆ.

ಆದರೆ ಜಿ ಸ್ಲ್ಯಾಶ್ ಬಿ ಬಿಡಬೇಡಿ. ಅದು ನೋಡಲಿಕ್ಕಷ್ಟೇ ಕಷ್ಟ. ಬಲಗೈಯಲ್ಲಿ ನಿಮ್ಮ ಅದೇ ಜಿ, ಎಡಗೈಯ ಒಂದು ಬೆರಳು ಬಿ ಮೇಲೆ. ಸಿ, ಜಿ ಸ್ಲ್ಯಾಶ್ ಬಿ, ಎ ಮೈನರ್ ಸಾಲಾಗಿ ಬಂದಾಗ ಎಡಗೈ ಸಿ, ಬಿ, ಎ ಅಂತ ಮೆಟ್ಟಿಲು ಇಳಿಯುತ್ತದೆ. ಹಿಂದಿನ ಬೆಂಚಿನ ಅಜ್ಜಿ ಕೂಡ ಆ ಇಳಿತದ ಮೇಲೇ ಹಾಡುತ್ತಾರೆ. ಅಲ್ಲಿ ಬರೀ ಜಿ ಒತ್ತಿದರೆ ನಡುವಿನ ಒಂದು ಮೆಟ್ಟಿಲು ಕಿತ್ತ ಹಾಗೆ.

ಬಲಗೈ ಅತ್ತಿತ್ತ ನೆಗೆಯುವುದು ಬೇಡ. ಸಿ ಅಂದರೆ ಸಿ-ಇ-ಜಿ. ಎ ಮೈನರ್‌ಗೆ ಸಿ-ಇ-ಎ, ಒಂದೇ ಬೆರಳು ಸರಿಯಿತು. ಎಫ್‌ಗೆ ಸಿ-ಎಫ್-ಎ, ಜಿಗೆ ಬಿ-ಡಿ-ಜಿ. ನಾಲ್ಕೂ ಒಂದು ಗೇಣಿನೊಳಗೆ! ‘ಸೈಲೆಂಟ್ ನೈಟ್’ ಇದರಲ್ಲಿ ಸಿ, ಎಫ್, ಜಿ ಮೂರರಲ್ಲೇ ಮುಗಿಯುತ್ತದೆ. 1818ರ ಕ್ರಿಸ್ಮಸ್‌ಗೆ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಅದನ್ನು ಮೊದಲು ಹಾಡಿದಾಗ ಜೊತೆಗಿದ್ದದ್ದು ಒಂದು ಗಿಟಾರ್.

ಸಿನಿಮಾ ಹಾಡಿನಲ್ಲಿ ಪದಪದಕ್ಕೂ ಕಾರ್ಡ್ ಬದಲಿಸಬೇಡಿ. ರಾಗದ ಮೇಲೆ ಕಟ್ಟಿದ ಹಾಡಾದರೆ ಮೇಜರೋ ಮೈನರೋ ತಿಳಿಯದೆ ಒದ್ದಾಡುತ್ತೇವೆ. ಅಂಥ ಕಡೆ ಮೇಜರೋ ಮೈನರೋ ಅಂತ ತೀರ್ಮಾನಿಸುವ ನಡುವಿನ ಸ್ವರ ಬಿಟ್ಟು ಸ, ಪ ಎರಡೇ ಹಿಡಿಯಿರಿ, ತಂಬೂರಿಯ ಹಾಗೆ. ಸಿ ಷಡ್ಜವಾದರೆ ಸಿ ಮತ್ತು ಜಿ. ನಾನು ಇವತ್ತಿಗೂ ಹಾಗೇ ಪಾರಾಗುವುದು.

ಇನ್ನು ಟ್ರಾನ್ಸ್‌ಪೋಸ್ ಬಟನ್, ಅಂದರೆ ನೀವು ಒತ್ತುವ ಕೀಲಿ ಅದೇ ಇದ್ದರೂ ಕೇಳುವ ಶ್ರುತಿಯನ್ನು ಏರಿಸಿ ಇಳಿಸುವ ಗುಂಡಿ. ಇ ಫ್ಲ್ಯಾಟ್ ಶ್ರುತಿಯ ಹಾಡಿಗೆ ಪ್ಲಸ್ 3 ಇಟ್ಟು ಸಿಯಲ್ಲೇ ನುಡಿಸಿ, ನಾಚಿಕೆ ಬೇಡ. ಹಾಡು ಮುಗಿದ ತಕ್ಷಣ ಸೊನ್ನೆಗೆ ತನ್ನಿ. ಒಂದು ಕ್ರಿಸ್ಮಸ್ ರಾತ್ರಿ ನಾನು ಮರೆತೆ. ಪಕ್ಕದ ಗಿಟಾರ್ ಹುಡುಗನೂ ಸಿ ಹಿಡಿದ, ನಾನೂ ಸಿ ಹಿಡಿದೆ. ಅವನದು ಒಂದು ದಾರಿ, ನನ್ನದು ಒಂದು ದಾರಿ. ಎರಡು ಸಾಲು ಆಗುವಷ್ಟರಲ್ಲಿ ಕೈ ಎತ್ತಿ ಸುಮ್ನೆ ಕೂತೆ. ಓಬರ್ನ್‌ಡಾರ್ಫ್‌ನ ಹಾಗೇ ನಮ್ಮಲ್ಲೂ ಗಿಟಾರ್ ಒಂದೇ ಉಳಿಯಿತು. ಈಗ ಆ ಬಟನ್ ಪಕ್ಕ ಕೆಂಪು ಟೇಪ್ ಅಂಟಿಸಿದ್ದೇನೆ.