ಓಲ್ಡ್ ಸೇಲಂನ ಮಿಕ್ಷ್ ಮನೆ ಹಿತ್ತಲ ಬಗ್ಗೆ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರೋ ಓಲ್ಡ್ ಸೇಲಂ ಅನ್ನೋ ಹಳೇ ಊರಿಗೆ ಹೋಗ್ತಿದ್ದೀರಿ, ಅಲ್ಲಿನ ಮಿಕ್ಷ್ ಅನ್ನೋರ ಮನೆಯ ಹಿಂದೆ ಬರೀ ತರಕಾರಿನಾ, ಹೂವೂ ಇತ್ತಾ ಅಂತ ಕೇಳಿದ್ದೀರಲ್ವಾ? ಎರಡೂ ಇತ್ತು. ಆ ಊರು ಕಟ್ಟಿದ ಮೊರೇವಿಯನ್ನರು, ಅಂದ್ರೆ ಜರ್ಮನ್ ಮಾತಾಡುವ ಒಂದು ಕ್ರೈಸ್ತ ಪಂಗಡದವರು, ಮನೆ ಹಿತ್ತಲಲ್ಲಿ ಹೂವು, ಸೊಪ್ಪು, ಮದ್ದಿನ ಗಿಡ ಬೇರೆ ಬೇರೆ ಮಾಡುತ್ತಿರಲಿಲ್ಲ. ಹಿತ್ತಲನ್ನು ಚೌಕ ಚೌಕವಾಗಿ ಹಂಚಿ, ನಡುವೆ ಓಡಾಡೋಕೆ ದಾರಿ ಬಿಟ್ಟು, ಸುತ್ತ ಬೇಲಿ ಹಾಕುತ್ತಿದ್ದರು. ಮನೆ ಕಟ್ಟಿದ್ದು 1771ರಲ್ಲಿ. ಅಲ್ಲಿ ತಂಬಾಕಿನ ವ್ಯಾಪಾರವೂ ನಡೆಯುತ್ತಿತ್ತು.

ನೀವು ಕೋಸಿನ ಮಡಿ ಮಾತ್ರ ತಪ್ಪದೆ ನೋಡಿ. ಜರ್ಮನ್ ಮನೆಗಳಿಗೆ ಕೋಸು ಅಂದ್ರೆ ಚಳಿಗಾಲದ ಊಟ. ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಜಾಡಿಯಲ್ಲಿ ಒತ್ತಿ ತುಂಬಿ, ಮೇಲೆ ಹಲಗೆ ಇಟ್ಟು ಕಲ್ಲು ಹೇರುತ್ತಾರೆ. ಕೋಸಿನ ನೀರೇ ಬಿಟ್ಟುಕೊಂಡು ಹುಳಿ ಬರುತ್ತೆ. ನಮ್ಮ ಉಪ್ಪಿನಕಾಯಿ ಜಾಡಿ ನೆನಪಾಯ್ತಾ?

ಟೈಮಿದ್ದರೆ ಹತ್ತಿರದ ಬೆಥಾಬರಾಕ್ಕೂ ಹೋಗಿ. ಅದು ಮೊರೇವಿಯನ್ನರು 1753ರಲ್ಲಿ ಶುರು ಮಾಡಿದ ಊರು. ಅಲ್ಲಿ 1761ರ ಮದ್ದಿನ ತೋಟವನ್ನು ಹಳೇ ನಕ್ಷೆ ನೋಡಿಕೊಂಡು ಮತ್ತೆ ಮಾಡಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ನಮ್ಮ ಗಾದೆ ಅಲ್ಲಿ ನಡೆಯಲ್ಲ. ಸೇಜ್ ಅನ್ನೋ ಘಮದ ಗಿಡದ ಎಲೆ ಸಿಕ್ಕರೆ ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಸಿ ನೋಡಿ. ಘಮ ತುಂಬಾ ಹೊತ್ತು ಕೈಯಲ್ಲೇ ಇರುತ್ತೆ.