ಪ್ರಾಗ್ ವಸಂತವನ್ನು ಸೋವಿಯತ್ ಒಕ್ಕೂಟ ಯಾಕೆ ಹೊಸಕಿ ಹಾಕಿತು?

ಚುಟುಕಾಗಿ ಹೇಳಬೇಕೆಂದರೆ, ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗ ತೆಗೆದಿದ್ದಕ್ಕೆ. ಪ್ರಾಗ್ ವಸಂತ ಅಂದರೆ 1968ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಬೀಸಿದ ಸುಧಾರಣೆಯ ಗಾಳಿ; ಪ್ರಾಗ್ ಅದರ ರಾಜಧಾನಿ. 1968ರ ಜನವರಿಯಲ್ಲಿ ಜೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಪಕ್ಷದ ಚುಕ್ಕಾಣಿ ಹಿಡಿದ ಅಲೆಕ್ಸಾಂಡರ್ ಡುಬ್ಚೆಕ್ ಸಮಾಜವಾದ ಬಿಡುತ್ತೇನೆ ಎಂದವರಲ್ಲ. ಸೋವಿಯತ್ ಬಣದ ಸೈನಿಕ ಕೂಟವಾದ ವಾರ್ಸಾ ಒಪ್ಪಂದದಲ್ಲೇ ಇರುತ್ತೇವೆ ಅಂತಲೂ ಪದೇ ಪದೇ ಹೇಳಿದರು. ಆದರೆ ಸೆನ್ಸಾರ್ ತೆಗೆದುಬಿಟ್ಟರು. ಎಡವಟ್ಟಾಗಿದ್ದೇ ಅಲ್ಲಿ ನೋಡಿ. ಒಂದೇ ಪಕ್ಷದ ಆಡಳಿತ ನಿಲ್ಲಬೇಕಾದರೆ ಯಾರೂ ಪ್ರಶ್ನೆ ಕೇಳಬಾರದು, ಅಲ್ವಾ? ಇಲ್ಲಿ ಜನ 1950ರ ದಶಕದ ಸುಳ್ಳು ವಿಚಾರಣೆಗಳು, ಗಲ್ಲು ಶಿಕ್ಷೆಗಳ ಬಗ್ಗೆ ಬಹಿರಂಗವಾಗಿ ಮಾತಾಡತೊಡಗಿದರು. ಪೋಲೆಂಡಿನಲ್ಲಿ ಮಾರ್ಚ್‌ನಲ್ಲೇ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಈ ಗಾಳಿ ನಮ್ಮ ಕಡೆಗೂ ಬೀಸಿದರೆ ಗತಿಯೇನು ಅಂತ ಪೋಲೆಂಡ್, ಪೂರ್ವ ಜರ್ಮನಿಯ ನಾಯಕರೇ ಸೋವಿಯತ್ ನಾಯಕ ಬ್ರೆಜ್ನೆವ್ ಮೇಲೆ ಒತ್ತಡ ಹಾಕಿದರು.

ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ಸೈನ್ಯ ಜೆಕೊಸ್ಲೊವಾಕಿಯಾಕ್ಕೆ ನುಗ್ಗಿತು. ಟ್ಯಾಂಕ್‌ಗಳು ದಾರಿ ತಪ್ಪಲಿ ಅಂತ ಜನ ಬೀದಿ ಹೆಸರಿನ ಫಲಕಗಳನ್ನೇ ಕಿತ್ತು ಹಾಕಿದರು. ಕೆಲವು ಕಡೆ ಬಾಣದ ಗುರುತು ಹಾಕಿ ‘ಮಾಸ್ಕೋ’ ಅಂತ ಬರೆದಿಟ್ಟರು! ಅಮೆರಿಕ ಖಂಡಿಸಿತು, ಅಷ್ಟೇ. ವಿಯೆಟ್ನಾಂನಲ್ಲಿ ಸಿಕ್ಕಿಬಿದ್ದಿದ್ದ ಅದಕ್ಕೆ ಸೋವಿಯತ್ ಅಂಗಳಕ್ಕೆ ಕೈ ಹಾಕುವ ಮನಸ್ಸಿರಲಿಲ್ಲ. ಡುಬ್ಚೆಕ್ ಕೊನೆಗೆ ಸ್ಲೊವಾಕಿಯಾದ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಬೇಕಾಯಿತು.